ಚೆಸ್‌ನಲ್ಲಿ ಅದೃಷ್ಟ ಅನ್ನೋದು ಇದೆಯಾ? ಇದ್ದರೆ ಯಾವ ಬಾಗಿಲಿಂದ ಒಳಗೆ ಬರುತ್ತೆ?

ತುಂಗಾತೀರ (ಪ್ರಶ್ನೆ)

ಚೌಕಾಬಾರದಲ್ಲಿ ಸೋತವರು ಕವಡೆಗೆ ಬೈಯಬಹುದು. ಇಸ್ಪೀಟಿನಲ್ಲಿ ಸೋತವರು ಎಲೆ ಹಂಚಿದವರಿಗೆ ಬೈಯಬಹುದು. ಚೆಸ್‌ನಲ್ಲಿ ಸೋತವರಿಗೆ ಬೈಯೋಕೆ ಯಾರೂ ಸಿಗಲ್ಲ ಅಂತಾರೆ. ದಾಳ ಇಲ್ಲ, ಮುಚ್ಚಿಟ್ಟ ಎಲೆ ಇಲ್ಲ. 64 ಮನೆ, 32 ಕಾಯಿ, ಎಲ್ಲವೂ ಇಬ್ಬರ ಕಣ್ಣೆದುರೇ.

ಆದರೆ ಶಿವಮೊಗ್ಗ, ಸಾಗರ, ಭದ್ರಾವತಿ ಕಡೆ ಭಾನುವಾರ ನಡೆಯುವ ಯಾವುದಾದರೂ ಕಡಿಮೆ ಸಮಯದ ರ್ಯಾಪಿಡ್ ಓಪನ್‌ನ ಅಂತಿಮ ಪಟ್ಟಿ ತೆಗೆದು ನೋಡಿ. 1800 ರೇಟಿಂಗ್‌ನವರು 1500ರವರ ಕೈಲಿ ಸೋತಿರುತ್ತಾರೆ (ರೇಟಿಂಗ್ ಅಂದರೆ ಹಿಂದಿನ ಫಲಿತಾಂಶಗಳಿಂದ ಲೆಕ್ಕ ಹಾಕಿದ ಬಲದ ಅಂಕಿ). ಆರು ಸುತ್ತಿಗೆ 4.5 ಅಂಕ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ತೆಗೆದವರು ಎಂಟು ಹತ್ತು ಜನ ಇರುತ್ತಾರೆ, ಅವರಲ್ಲಿ ಇಬ್ಬರು ಮೂವರಿಗೆ ಟ್ರೋಫಿ, ಮಿಕ್ಕವರಿಗೆ ಕಾಗದ. ವಾಪಸ್ ಬರುವ ಬಸ್ಸಿನಲ್ಲಿ ಮಕ್ಕಳು “ಲಕ್ ಇರ್ಲಿಲ್ಲ” ಅಂತಾವೆ, ಪಕ್ಕದಲ್ಲಿ ಕೂತ ಅಪ್ಪಂದಿರು “ಚೆಸ್‌ನಲ್ಲಿ ಎಂತ ಲಕ್ಕು ಮಾರಾಯ, ಅಭ್ಯಾಸ ಮಾಡಿಲ್ಲ ಅಷ್ಟೆ” ಅಂತಾರೆ.

ಇಬ್ಬರಲ್ಲಿ ಯಾರು ಸರಿ? ಅದೃಷ್ಟ ಇದೆ ಅಂತಾದರೆ ಎಲ್ಲಿ, ಎಷ್ಟು ಅಂತ ಲೆಕ್ಕ ಸಮೇತ ಬೇಕು. “ಅದೃಷ್ಟ ಶ್ರಮಿಗಳ ಪಾಲು” ಥರದ ಉತ್ತರ ದಯವಿಟ್ಟು ಬೇಡ, ಅದು ವಾಟ್ಸ್ಆ್ಯಪ್‌ನಲ್ಲಿ ದಿನಾ ಬೆಳಗ್ಗೆ ಬರುತ್ತೆ.

---

ಕವಡೆಕಾಯಿ

ಚೌಕಾಬಾರದ ಹೆಸರು ಬಂತಲ್ಲ, ಅಲ್ಲಿಂದಲೇ ಹಿಡಿಯೋಣ. ನಾಲ್ಕು ಕವಡೆ. ಒಂದೊಂದು ಕವಡೆಯೂ ಬಾಯಿ ಮೇಲಾಗಿ, ಬೆನ್ನು ಮೇಲಾಗಿ ಸಮಸಮ ಬೀಳುತ್ತೆ ಅಂತಿಟ್ಟುಕೊಂಡರೆ ಒಟ್ಟು 16 ಬಗೆ. ಅದರಲ್ಲಿ ಒಂದು ಬೀಳೋದು 4 ಬಗೆಯಲ್ಲಿ, ಎರಡು 6ರಲ್ಲಿ, ಮೂರು 4ರಲ್ಲಿ, ಚೌಕ ಒಂದರಲ್ಲಿ, ಭಾರ ಅಂದರೆ ಎಂಟು ಒಂದರಲ್ಲಿ. ಗರದ ಸರಾಸರಿ 2.5. ಚೌಕವೋ ಭಾರವೋ ಬಿದ್ದು ಮತ್ತೊಂದು ಗರ ಸಿಗುವ ಸಾಧ್ಯತೆ ಎಂಟಕ್ಕೆ ಒಂದು. ಹುಣಸೆ ಬೀಜ ಒಂದು ಕಡೆ ತೇಯ್ದು ಆಡುವ ಮನೆಗಳಲ್ಲಿ ಈ ಲೆಕ್ಕ ಹಾಗೇ ನಿಲ್ಲಲ್ಲ, ತೇಯ್ದ ಬೀಜ ಸಮ ಬೀಳಲ್ಲ.

ಅಂದರೆ ಅಲ್ಲಿ ಅದೃಷ್ಟ ಆಟದ ನಿಯಮದೊಳಗೇ ಕೂತಿದೆ. ಹಾಗಿದ್ದೂ ಬಂದ ಗರಕ್ಕೆ ಯಾವ ಕಾಯಿ ನಡೆಸೋದು, ಯಾವುದನ್ನು ಕಟ್ಟೆಯಲ್ಲಿ ಕೂರಿಸಿ ಕಾಯೋದು ಅನ್ನೋದು ಕೈಚಳಕವೇ. ನೂರು ಆಟ ಆಡಿಸಿದರೆ ಚೆನ್ನಾಗಿ ಆಡುವ ಅಜ್ಜಿಯೇ ಮುಂದಿರುತ್ತಾರೆ.

ಚದುರಂಗಕ್ಕೂ ದಾಳದ ಕಾಲ ಇತ್ತು. ಸುಮಾರು 1030ರಲ್ಲಿ ಅಲ್-ಬಿರೂನಿ ಭಾರತದ ಬಗ್ಗೆ ಬರೆದಾಗ ನಾಲ್ಕು ಜನ ಕೂತು ದಾಳ ಹಾಕಿ ಆಡುವ ಚತುರಂಗವನ್ನು ವರ್ಣಿಸಿದ್ದಾನೆ. ಯಾವ ಕಾಯಿ ನಡೆಸಬೇಕು ಅಂತ ಅಲ್ಲಿ ದಾಳವೇ ಹೇಳುತ್ತಿತ್ತು. ಇವತ್ತು ನಾವು ಆಡುವ ಆಟದಲ್ಲಿ ಅದು ಇಲ್ಲ.

ಹಾಗಾದರೆ ಅದೃಷ್ಟ ಪೂರ್ತಿ ಹೊರಗೆ ಹೋಯಿತಾ? ಆಟದ ನಡುವಿನ ಸಾಮಾನ್ಯ ಸ್ಥಿತಿಯಲ್ಲಿ ಸುಮಾರು 30 ನಡೆ ಸಾಧ್ಯ. ಮೂರು ನಡೆ ಮುಂದಕ್ಕೆ, ಅಂದರೆ ನಿಮ್ಮ ಮೂರು, ಎದುರಾಳಿಯ ಮೂರು ನೋಡಬೇಕಾದರೆ 30ನ್ನು ಆರು ಸಲ ಗುಣಿಸಬೇಕು. 72.9 ಕೋಟಿ ದಾರಿ. ಅದರಲ್ಲಿ ನಾವು ನೋಡೋದು ಮೂರೋ ನಾಲ್ಕೋ. ಮಿಕ್ಕಿದ್ದನ್ನು ಬರೀ ಅನುಭವದ ಮೇಲೆ “ಅದು ಕೆಲಸಕ್ಕೆ ಬರಲ್ಲ” ಅಂತ ಬಿಟ್ಟಿರುತ್ತೇವೆ. ನಮ್ಮ ಲೆಕ್ಕ ನಿಂತ ಜಾಗದಿಂದ ಒಂದು ಹೆಜ್ಜೆ ಆಚೆ ನಮಗೆ ಅನುಕೂಲವಾದ ಚೆಕ್ ಇತ್ತು ಅಂದರೆ ಅದನ್ನು ನಾವು ಕಂಡುಹಿಡಿದದ್ದಲ್ಲ, ಅದು ಅಲ್ಲಿತ್ತು ಅಷ್ಟೆ. ನನ್ನ ಮಟ್ಟಿಗೆ ಚೆಸ್‌ನ ಅದೃಷ್ಟ ಅಂದರೆ ಇದೇ. ಬೋರ್ಡಿನ ಮೇಲೆ ಅದು ಇಲ್ಲ, ಲೆಕ್ಕ ನಿಂತ ಗೆರೆಯ ಆಚೆ ಇದೆ. ಗೆರೆಯನ್ನು ದೂರಕ್ಕೆ ತಳ್ಳಬಹುದು, ಅಳಿಸೋಕೆ ಆಗಲ್ಲ.

---

ಸಾಗರದ ಒಂಟೆ

ತುಂಗಾತೀರ ಅವರು ಲೆಕ್ಕ ಕೇಳಿದ್ದಾರೆ. ರೇಟಿಂಗ್ ಪದ್ಧತಿಯೇ ಅದನ್ನು ಇಟ್ಟುಕೊಂಡು ಕೂತಿದೆ, ಜನ ಸೂತ್ರವನ್ನು ಓದಲ್ಲ.

ಇಬ್ಬರ ರೇಟಿಂಗ್ ವ್ಯತ್ಯಾಸವನ್ನು 400ರಿಂದ ಭಾಗಿಸಿ. ಬಂದದ್ದನ್ನು 10ರ ಘಾತ ಮಾಡಿ, ಅದಕ್ಕೆ 1 ಕೂಡಿಸಿ. 1ನ್ನು ಆ ಮೊತ್ತದಿಂದ ಭಾಗಿಸಿದರೆ ಕಡಿಮೆ ರೇಟಿಂಗ್‌ನವರು ಒಂದು ಆಟಕ್ಕೆ ಸರಾಸರಿ ಎಷ್ಟು ಅಂಕ ತೆಗೆಯಬೇಕು ಅನ್ನೋದು ಸಿಗುತ್ತೆ. 100ರ ವ್ಯತ್ಯಾಸಕ್ಕೆ 0.36, 200ಕ್ಕೆ 0.24, 300ಕ್ಕೆ 0.15, 400ಕ್ಕೆ 0.09.

1500ರವರು 1800ರವರನ್ನು ಎದುರಿಸಿದರೆ ನೂರು ಆಟಕ್ಕೆ 15 ಅಂಕ ಅವರದ್ದೇ ಅಂತ ಸೂತ್ರ ಮೊದಲೇ ಬರೆದಿಟ್ಟಿದೆ. ಇದು 15 ಗೆಲುವು ಅಂತಲ್ಲ ಮತ್ತೆ. 8 ಗೆಲುವು, 14 ಡ್ರಾ ಇದ್ದರೂ 15 ಅಂಕವೇ. 150 ಜನರ ಟೂರ್ನಿಯ ಮೊದಲ ಸುತ್ತಿನಲ್ಲಿ 75 ಬೋರ್ಡ್ ಇರುತ್ತೆ, ಅದರಲ್ಲಿ ನಾಲ್ಕೈದು ಕಡೆ ದೊಡ್ಡವರು ಬೀಳದಿದ್ದರೆ ಅದೇ ಆಶ್ಚರ್ಯ.

ಈಗ ಮುಖ್ಯವಾದದ್ದು: ಆಟ ಹೆಚ್ಚಿದ ಹಾಗೆ ಅದೃಷ್ಟ ಎಷ್ಟು ಬೇಗ ಕರಗುತ್ತೆ? ಸಮಬಲದವರು, ಮೂರಕ್ಕೆ ಒಂದು ಆಟ ಡ್ರಾ ಅಂತ ಹಿಡಿದರೆ ಒಂದು ಆಟದ ಅಂಕದ ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಶನ್) 0.41. ಆಟಗಳ ಸಂಖ್ಯೆಯ ವರ್ಗಮೂಲದಿಂದ ಇದನ್ನು ಗುಣಿಸಬೇಕು. ಆರು ಸುತ್ತಿಗೆ ಸರಿಯಾಗಿ 1 ಅಂಕ ಬರುತ್ತೆ. ನಿಮ್ಮ ಯೋಗ್ಯತೆ 3.5 ಆಗಿದ್ದರೆ, ಏನೂ ಹೆಚ್ಚು ಕಡಿಮೆ ಆಡದೆಯೇ 2.5ಕ್ಕೂ ಇಳಿಯಬಹುದು, 4.5ಕ್ಕೂ ಏರಬಹುದು. ಬಸ್ಸಿನಲ್ಲಿ ನಡೆಯುವ ಜಗಳ ಬಹುತೇಕ ಈ ಒಂದು ಅಂಕದ ಮೇಲೇ.

ಅದನ್ನೇ ರೇಟಿಂಗ್ ಭಾಷೆಯಲ್ಲಿ ಹೇಳಿದರೆ, ಶೇ 1 ಅಂಕಕ್ಕೆ ಸುಮಾರು 7 ರೇಟಿಂಗ್. 6 ಆಟದ ಫಲಿತಾಂಶದಿಂದಷ್ಟೇ ಲೆಕ್ಕ ಹಾಕುವ ಪರ್ಫಾರ್ಮೆನ್ಸ್ ರೇಟಿಂಗ್‌ನಲ್ಲಿ ಹೆಚ್ಚೂ ಕಡಿಮೆ 120ರ ತೂಗಾಟ. 9 ಆಟಕ್ಕೆ 95. 100 ಆಟಕ್ಕೆ ಬಂದರೆ 28ಕ್ಕೆ ಇಳಿಯುತ್ತೆ. ಒಂದು ಭಾನುವಾರದ ಫಲಿತಾಂಶ ನೋಡಿ ಕೋಚ್ ಬದಲಾಯಿಸುವವರು ಈ ಮೂರು ಸಂಖ್ಯೆ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ.

ಇನ್ನೊಂದು ಬಗೆಯಲ್ಲಿ ನೋಡಿ. 200 ಕಡಿಮೆ ಇರುವವರು ಒಂದೇ ಆಟದಲ್ಲಿ ಗೆಲ್ಲುವ ಸಾಧ್ಯತೆ, ಡ್ರಾ ಇಲ್ಲ ಅಂತಿಟ್ಟುಕೊಂಡರೆ, ಶೇ 24. ಅದೇ ಇಬ್ಬರಿಗೆ 9 ಆಟದ ಮ್ಯಾಚ್ ಇಟ್ಟರೆ ಕಡಿಮೆಯವರು ಐದು ಗೆಲ್ಲುವ ಸಾಧ್ಯತೆ ಶೇ 4ರ ಹತ್ತಿರ.

ಬಿಳಿ ಕಾಯಿ ಸಿಗೋದೂ ಒಂದು ಪಾಲು. ದೊಡ್ಡ ಡೇಟಾಬೇಸ್‌ಗಳಲ್ಲಿ ಬಿಳಿ ತೆಗೆಯೋದು ಶೇ 54–55 ಅಂಕ. ರೇಟಿಂಗ್ ಲೆಕ್ಕದಲ್ಲಿ 30–35ರಷ್ಟು. ಪಂದ್ಯ ಮೇಲ್ಮಟ್ಟದ್ದಾದಷ್ಟೂ ಇದು ಲೆಕ್ಕಕ್ಕೆ ಬರುತ್ತೆ. ನಮ್ಮ ತಾಲ್ಲೂಕು ಟೂರ್ನಿಗಳಲ್ಲಿ ಒಂದು ಕುದುರೆ ಬಿಟ್ಟುಕೊಟ್ಟ ಮೇಲೆ ಯಾವ ಬಣ್ಣ ಅಂತ ಕೇಳಿ ಪ್ರಯೋಜನ ಇಲ್ಲ.

ಒಂದು ಎಚ್ಚರಿಕೆ. “1500 ಬಂದು 1800ನ್ನು ಹೊಡೆದ” ಅನ್ನೋದೆಲ್ಲ ಅದೃಷ್ಟ ಅಲ್ಲ. ಎಷ್ಟೋ ಸಲ ಆ 1500 ಅನ್ನೋ ಸಂಖ್ಯೆಯೇ ಹಳಸಿರುತ್ತೆ. ಮಲೆನಾಡಿನ ಮಕ್ಕಳಿಗೆ ಹತ್ತಿರದಲ್ಲಿ ರೇಟೆಡ್ ಟೂರ್ನಿ ಸಿಗೋದು ಅಪರೂಪ. ವರ್ಷಕ್ಕೆ ಒಂದೋ ಎರಡೋ ಆಡಿ, ಮಿಕ್ಕ ದಿನ ಮನೆಯಲ್ಲಿ ಕೂತು ಪಜಲ್ ಬಿಡಿಸಿದ ಮಗುವಿನ ಬಲ ಏರಿರುತ್ತೆ, ಸಂಖ್ಯೆ ಅಲ್ಲೇ ಇರುತ್ತೆ. 18ರೊಳಗಿನವರಿಗೆ 2300 ದಾಟುವವರೆಗೆ ಕೆ ಗುಣಕ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯಬೇಕು ಅನ್ನೋದನ್ನು ನಿರ್ಧರಿಸುವ ಸಂಖ್ಯೆ) 40 ಇಟ್ಟಿರೋದು ಇದಕ್ಕೇ. 200 ಹೆಚ್ಚಿರುವವರನ್ನು ಗೆದ್ದರೆ 40ನ್ನು 0.76ರಿಂದ ಗುಣಿಸಿ 30.4 ಒಂದೇ ಏಟಿಗೆ ಬರುತ್ತೆ. ಅದೇ ಗೆಲುವಿಗೆ ಕೆ 20 ಇರುವ ದೊಡ್ಡವರಿಗೆ 15.2. 2024ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಕನಿಷ್ಠ ರೇಟಿಂಗನ್ನು 1400ಕ್ಕೆ ಏರಿಸಿ, 2000ಕ್ಕಿಂತ ಕೆಳಗಿದ್ದವರಿಗೆಲ್ಲ 2000ಕ್ಕೆ ಇದ್ದ ಕೊರತೆಯ ಶೇ 40 ಸೇರಿಸಿತು. 1200 ಇದ್ದವರು 1520 ಆದರು. ಹಾಗಾಗಿ ಅದಕ್ಕಿಂತ ಹಿಂದಿನ ಪಟ್ಟಿಯನ್ನು ಈಗಿನದಕ್ಕೆ ಹೋಲಿಸಿ “ಎಷ್ಟು ಸುಧಾರಿಸಿದ್ದಾಳೆ” ಅಂತ ಸಿಹಿ ಹಂಚಬೇಡಿ.

---

ಹಾಲ್ ನಂಬರ್ 2

ಅರ್ಬಿಟರ್ (ಟೂರ್ನಿಯ ತೀರ್ಪುಗಾರ) ಮೇಜಿನ ಈ ಕಡೆಯಿಂದ ನೋಡಿದರೆ ಅದೃಷ್ಟ ಬೋರ್ಡಿಗಿಂತ ಯಾರಿಗೆ ಯಾರು ಎದುರು ಅಂತ ಬರೆದ ಪೇರಿಂಗ್ ಕಾಗದದಲ್ಲೇ ಜಾಸ್ತಿ ಇದೆ.

ಅದೇ 150 ಜನರನ್ನು ತೆಗೆದುಕೊಳ್ಳಿ, ಆರು ಸುತ್ತು. 40 ಜನಕ್ಕೆ ರೇಟಿಂಗ್ ಇದೆ, 110 ಜನಕ್ಕೆ ಇಲ್ಲ ಅಂತಿರಲಿ. ಮೊದಲ ಸುತ್ತಿಗೆ ಪಟ್ಟಿ ಮಾಡೋದು ರೇಟಿಂಗ್ ಪ್ರಕಾರ, ಆಮೇಲೆ ಟೈಟಲ್ ಪ್ರಕಾರ, ಅದೂ ಇಲ್ಲದಿದ್ದರೆ ಹೆಸರಿನ ಅಕ್ಷರದ ಪ್ರಕಾರ. ಪಟ್ಟಿಯನ್ನು ಅರ್ಧಕ್ಕೆ ಕಡಿದರೆ ಮೇಲಿನ 75, ಕೆಳಗಿನ 75. 1ನೇಯವರಿಗೆ 76, 2ನೇಯವರಿಗೆ 77, ಹೀಗೇ 75ಕ್ಕೆ 150. ಈಗ 75 ಮತ್ತು 76 ನೋಡಿ. ಇಬ್ಬರಿಗೂ ರೇಟಿಂಗ್ ಇಲ್ಲ, ಇಬ್ಬರ ಹೆಸರೂ ಅಕ್ಷರಮಾಲೆಯಲ್ಲಿ ಅಕ್ಕಪಕ್ಕ. 76ರ ಮಗು ಒಂದನೇ ಬೋರ್ಡಿಗೆ ಹೋಗಿ ಟಾಪ್ ಸೀಡ್ ಎದುರು ಕೂರುತ್ತೆ. 75ರ ಮಗುವಿಗೆ ಸಿಗೋದು ಪಟ್ಟಿಯ ಕಟ್ಟಕಡೆಯವರು. ಅಪ್ಪ ಅಮ್ಮ ಇಟ್ಟ ಹೆಸರೇ ದಾಳ! (76ರ ಮಗು ಸೋತರೂ ಪೂರ್ತಿ ನಷ್ಟ ಇಲ್ಲ, ಬುಖೋಲ್ಜ್ ಅಂದರೆ ನಿಮ್ಮ ಎದುರಾಳಿಗಳು ಕೊನೆಗೆ ತೆಗೆದ ಅಂಕಗಳ ಮೊತ್ತ; ಟಾಪ್ ಸೀಡ್ ಕೊನೆಗೆ 5.5 ತೆಗೆದರೆ ಆ ಅಂಕ ಮಗುವಿನ ಬುಖೋಲ್ಜ್‌ಗೆ ಸೇರುತ್ತೆ.) ಟಾಪ್ ಸೀಡ್‌ಗೆ ಮೊದಲ ಸುತ್ತಿನಲ್ಲಿ ಯಾವ ಬಣ್ಣ ಅನ್ನೋದಕ್ಕೆ ಚೀಟಿ ಎತ್ತುತ್ತಾರೆ, ಅದು ನಿಯಮದಲ್ಲೇ ಇದೆ. ಅಲ್ಲಿಂದ ಮುಂದೆ ಬಣ್ಣ ಅದಲುಬದಲು ಆಗುತ್ತಾ ಹೋಗುತ್ತೆ.

ಪ್ರತಿ ಸುತ್ತಿಗೂ ಸಮ ಅಂಕದವರನ್ನು ಎದುರುಬದುರು ಕೂರಿಸುವ ಸ್ವಿಸ್ ಪದ್ಧತಿಯಲ್ಲಿ ಆರು ಸುತ್ತು ಒಬ್ಬರನ್ನೇ ಮೇಲೆ ಉಳಿಸೋದು 64 ಜನರವರೆಗೆ ಮಾತ್ರ. 150 ಇದ್ದಾಗ ಡ್ರಾ ಇಲ್ಲದೆ ಹೋದರೆ 75, 38, 19, 10, 5 ಅಂತ ಇಳಿದು ಕೊನೆಗೆ ಇಬ್ಬರೋ ಮೂವರೋ 6ಕ್ಕೆ 6 ತೆಗೆದು ನಿಲ್ಲುತ್ತಾರೆ, ಒಬ್ಬರಿಗೊಬ್ಬರು ಆಡಿಯೇ ಇರಲ್ಲ. ಮೊದಲ ಬಹುಮಾನ ಟೈಬ್ರೇಕ್ (ಸಮ ಅಂಕದವರಲ್ಲಿ ಯಾರು ಮೇಲೆ ಅಂತ ತೀರ್ಮಾನಿಸುವ ಲೆಕ್ಕ) ಮೇಲೆ ಹೋಗುತ್ತೆ. ಆಯೋಜಕರು ಒಂದೇ ದಿನಕ್ಕೆ ಹಾಲ್ ಹಿಡಿದಿರುತ್ತಾರೆ, ಏಳೆಂಟು ಸುತ್ತು ಮಾಡಿದರೆ ದೂರದ ಊರಿನವರಿಗೆ ಕೊನೆ ಬಸ್ ತಪ್ಪುತ್ತೆ. ಇದಕ್ಕೆ ಯಾರನ್ನೂ ಬೈದು ಉಪಯೋಗ ಇಲ್ಲ.

ಟೈಬ್ರೇಕ್ ಎಷ್ಟು ನುಣ್ಣಗೆ ತಿರುಗುತ್ತೆ ಅನ್ನೋದಕ್ಕೆ ಒಂದು ಲೆಕ್ಕ. ಇಬ್ಬರೂ 4.5. ಮೊದಲನೆಯವರ ಎದುರಾಳಿಗಳು ಕೊನೆಗೆ ತೆಗೆದ ಅಂಕ 5, 4.5, 4, 3.5, 3, 1. ಮೊತ್ತ 21. ಎರಡನೆಯವರ ಎದುರಾಳಿಗಳದ್ದು 5, 4, 4, 3.5, 3, 2.5. ಮೊತ್ತ 22. ಪೂರ್ತಿ ಬುಖೋಲ್ಜ್ ಹಿಡಿದರೆ ಎರಡನೆಯವರು ಮೇಲೆ. ಬುಖೋಲ್ಜ್ ಕಟ್ 1 ಹಿಡಿದರೆ ಇಬ್ಬರದ್ದೂ ಅತಿ ಕಡಿಮೆ ಸಂಖ್ಯೆ ಬಿಡಬೇಕು. 21ರಲ್ಲಿ 1 ಹೋಗಿ 20, 22ರಲ್ಲಿ 2.5 ಹೋಗಿ 19.5. ಈಗ ಮೊದಲನೆಯವರು ಮೇಲೆ. ಆಡಿದ ಆಟ ಒಂದೂ ಬದಲಾಗಿಲ್ಲ, ಟ್ರೋಫಿ ಕೈ ಬದಲಾಯಿತು. ಮೊದಲ ಸುತ್ತಿನಲ್ಲಿ ನಿಮ್ಮ ಕೈಲಿ ಸೋತವರು ಕೊನೆ ಸುತ್ತಿನಲ್ಲಿ, ಹಾಲ್‌ನ ಇನ್ನೊಂದು ಮೂಲೆಯಲ್ಲಿ, ಗೆಲ್ಲುತ್ತಾರೋ ಇಲ್ಲವೋ ಅನ್ನೋದರ ಮೇಲೆ ನಿಮ್ಮ ಸ್ಥಾನ ನಿಂತಿರುತ್ತೆ. ಶುದ್ಧ ಅದೃಷ್ಟ ತೋರಿಸಿ ಅಂದರೆ ನಾನು ತೋರಿಸೋದು ಇದನ್ನೇ.

ಟೈಬ್ರೇಕ್ ಕ್ರಮವನ್ನು ಟೂರ್ನಿಗೆ ಮೊದಲೇ ಪ್ರಕಟಿಸಿರಬೇಕು. ಪ್ರಾಸ್ಪೆಕ್ಟಸ್‌ನಲ್ಲೋ ಚೆಸ್-ರಿಸಲ್ಟ್ಸ್ ಪುಟದಲ್ಲೋ ಹುಡುಕಿ, ಕಾಣದಿದ್ದರೆ ಮೊದಲ ಸುತ್ತಿಗೆ ಮುಂಚೆ ಕೇಳಿ. ಬಹುಮಾನ ವಿತರಣೆ ಹೊತ್ತಿಗೆ ಮೈಕಿನ ಮುಂದೆ ಬಂದು ಕೇಳೋದಲ್ಲ.

ಇನ್ನು ಅದೃಷ್ಟ ಅಂತ ಜನ ಕರೆಯುವ, ಆದರೆ ಅದೃಷ್ಟವೇ ಅಲ್ಲದವು. ಮೊಬೈಲ್ ರಿಂಗ್ ಆಗಿ ಆಟ ಹೋಗೋದು. ಮೂರು ಸಲ ಅದೇ ಸ್ಥಿತಿ ಬಂದಾಗ ನಡೆ ಆಡಿಬಿಟ್ಟು ಆಮೇಲೆ ಡ್ರಾ ಕೇಳೋದು: ಮೂರನೇ ಸಲ ಸ್ಥಿತಿ ಬಂದು ನಿಮ್ಮ ಸರದಿ ಇರುವಾಗ, ಕಾಯಿ ಮುಟ್ಟುವ ಮುಂಚೆ ಗಡಿಯಾರ ನಿಲ್ಲಿಸಿ ಅರ್ಬಿಟರ್‌ನ ಕರೆಯಬೇಕು. ಐದನೇ ಸಲ ಬಂದರೆ ಮಾತ್ರ ಯಾರೂ ಕೇಳದೆ ಡ್ರಾ ಆಗುತ್ತೆ. ಎರಡನೇ ಸಲ ಅಕ್ರಮ ನಡೆ ಆಡಿ ಸೋಲೋದೂ ಹಾಗೇ, ಮೊದಲನೆಯದಕ್ಕೇ ಎದುರಾಳಿಗೆ ಎರಡು ನಿಮಿಷ ಕೊಟ್ಟು ಎಚ್ಚರಿಸಿರುತ್ತೇವೆ. ಎದುರಾಳಿಯ ಹತ್ತಿರ ಬರೀ ರಾಜ ಉಳಿದಿರುವಾಗ ನಿಮ್ಮ ಸಮಯ ಮುಗಿದರೆ ಅದು ಡ್ರಾ, ಸೋಲಲ್ಲ. ಇದು ಗೊತ್ತಿಲ್ಲದೆ ಕೈಕುಲುಕಿ, ಸೋಲು ಅಂತ ಸಹಿ ಹಾಕಿ ಹೋಗುವ ಮಕ್ಕಳಿದ್ದಾರೆ.

---

ಕಪ್ಪುಕುದುರೆ

ಹಾಲ್ ನಂಬರ್ 2 ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಕವಡೆಕಾಯಿಯವರ “ಗೆರೆಯ ಆಚೆ” ಮಾತು ಮಾತ್ರ ಪೂರ್ತಿ ಒಪ್ಪಲ್ಲ. ಆ ಗೆರೆಯ ಆಚೆ ಬೀಳುವ ಗರವೂ ಸಮ ಅಲ್ಲ. ತೇಯ್ದ ಹುಣಸೆ ಬೀಜದ ಹಾಗೆ, ತೇಯ್ದವರ ಕಡೆಗೇ ಬೀಳುತ್ತೆ.

2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ. 6.5–6.5. ಕಪ್ಪು ಕಾಯಿಯ ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು. ಎರಡಕ್ಕೆ ಒಂದು, ಎಲ್ಲ ಒಂದೇ ಪಕ್ಕದಲ್ಲಿ. ಇಬ್ಬರಲ್ಲೂ ಆನೆ ಒಂದು, ಒಂದೇ ಬಣ್ಣದ ಮನೆಯ ಒಂಟೆ ಒಂದು. ಸರಿಯಾಗಿ ಆಡಿದರೆ ಡ್ರಾ. 55ನೇ ನಡೆಗೆ ಬಿಳಿ ಕಾಯಿಯ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದು ವಿನಿಮಯ ಕೇಳಿದರು. ಜಗತ್ತೆಲ್ಲ “ಗುಕೇಶ್ ಅದೃಷ್ಟ” ಅಂತು. ಬೋರ್ಡ್ ನೋಡಿ: ಬಿಳಿ ಒಂಟೆ ಎ8ರ ಮೂಲೆಯಲ್ಲಿ ಕೂತಿತ್ತು. ಆನೆಗಳು ಹೋದ ತಕ್ಷಣ ಕಪ್ಪು ತನ್ನ ಒಂಟೆಯನ್ನು ಡಿ5ಕ್ಕೆ ಇಟ್ಟಿತು. ಮೂಲೆಯಲ್ಲಿರುವ ಒಂಟೆಗೆ ಇರೋದು ಒಂದೇ ಕರ್ಣ, ತಪ್ಪಿಸಿಕೊಳ್ಳಲು ಬೇರೆ ದಾರಿ ಇಲ್ಲ, ವಿನಿಮಯ ಆಗಲೇಬೇಕು. ಹಾಗೆ ವಿನಿಮಯ ಆದ ಮೇಲೆ ಉಳಿಯೋದು ರಾಜ ಮತ್ತು ಕಾಲಾಳುಗಳು, ಅಲ್ಲಿ ಹೆಚ್ಚಿನ ಒಂದು ಕಾಲಾಳು ಗೆಲುವು. ಬಿಳಿ ಇನ್ನು ಮೂರು ನಡೆಗೆ ಸೋಲೊಪ್ಪಿತು. ಒಂಟೆ ಕರ್ಣದ ನಡುವಿನ ಯಾವುದಾದರೂ ಮನೆಯಲ್ಲಿದ್ದಿದ್ದರೆ ಬೇರೆ ಕರ್ಣಕ್ಕೆ ಜಾರಿಕೊಳ್ಳುತ್ತಿತ್ತು. ತಪ್ಪು ಮಾಡಿದ್ದು ಡಿಂಗ್, ಸರಿ. ಆದರೆ ಡ್ರಾ ಅಂತ ಎಲ್ಲರೂ ಬರೆದುಬಿಟ್ಟಿದ್ದ ಸ್ಥಿತಿಯಲ್ಲಿ, ಸಮಯ ಕಡಿಮೆ ಇರುವ ಎದುರಾಳಿಗೆ ಪ್ರತಿ ನಡೆಯಲ್ಲೂ ಒಂದೊಂದು ಸಣ್ಣ ಪ್ರಶ್ನೆ ಕೇಳುತ್ತಾ ಕೂತದ್ದು ಗುಕೇಶ್.

ಇದನ್ನು ಕಲಿಯೋಕೆ ಆಗುತ್ತೆ. ಸೋಲುವ ಸ್ಥಿತಿಯಲ್ಲಿದ್ದಾಗ ಕಾಯಿ ವಿನಿಮಯ ಬೇಡ, ಕಾಲಾಳು ವಿನಿಮಯ ಮಾಡಿ. ಕಾಲಾಳೆಲ್ಲ ಹೋದ ಮೇಲೆ ಎದುರಾಳಿಗೆ ಬರೀ ಒಂದು ಕುದುರೆಯೋ ಒಂಟೆಯೋ ಉಳಿದಿದ್ದರೆ ಮೇಟ್ ಮಾಡೋಕೆ ಆಗಲ್ಲ. ಮಂತ್ರಿ ಉಳಿಸಿಕೊಳ್ಳಿ, ನಿಮ್ಮ ರಾಜನಿಗಷ್ಟೇ ಅಲ್ಲ, ಅವರ ರಾಜನಿಗೂ ಭಯ ಇರಬೇಕು. ಬಿಳಿಗೆ ಎಚ್ ಸಾಲಿನ ಕಾಲಾಳು ಒಂದೇ ಉಳಿದು ಒಂಟೆ ಬಿಳಿಮನೆಯದ್ದಾದರೆ, ಕಪ್ಪು ರಾಜ ಎಚ್8 ಸೇರಿದರೆ ಸಾಕು, ಡ್ರಾ. ಎಚ್8 ಕಪ್ಪು ಮನೆ, ಆ ಒಂಟೆ ಅದನ್ನು ಎಂದೂ ಮುಟ್ಟಲ್ಲ. ಇದು ಗೊತ್ತಿರುವ ಮಗು ಎರಡು ಕಾಲಾಳು ಕಡಿಮೆ ಇದ್ದಾಗಲೇ ಯಾವ ಕಾಯಿ ಬಿಟ್ಟು ಯಾವುದನ್ನು ಉಳಿಸಬೇಕು ಅಂತ ಯೋಚಿಸುತ್ತೆ. ನೋಡುವವರು “ಲಕ್ಕಲ್ಲಿ ಬಚಾವಾದ” ಅಂತಾರೆ.

ಇದರ ಮಗ್ಗುಲು: ಗೆಲ್ಲುವ ಕಡೆಯವರು ಸ್ಟೇಲ್‌ಮೇಟ್ (ಚೆಕ್ ಇಲ್ಲದೆ ಎದುರಾಳಿಗೆ ನಡೆಯೇ ಇಲ್ಲದಂತಾಗಿ ಡ್ರಾ) ಮಾಡಿಕೊಳ್ಳೋದು. ಒಂಟಿ ರಾಜ ಎ8ರಲ್ಲಿದ್ದಾಗ ನಿಮ್ಮ ಮಂತ್ರಿಯನ್ನು ಬಿ6ಕ್ಕೋ ಸಿ7ಕ್ಕೋ ಇಟ್ಟರೆ ಅರ್ಧ ಅಂಕ ಹೋಯಿತು. ಎರಡೂ ಆ ರಾಜನಿಂದ ಕುದುರೆ ನೆಗೆತದಷ್ಟು ದೂರದ ಮನೆ. ಮೂಲೆಯ ರಾಜನಿಗೆ ಕುದುರೆ ನೆಗೆತದಲ್ಲಿ ಮಂತ್ರಿ ಇಡಬೇಡಿ ಅಂತ ಒಂದು ಸಾಲು ಹೇಳಿಕೊಟ್ಟರೆ 9 ವರ್ಷದೊಳಗಿನವರ ಅರ್ಧ “ದುರದೃಷ್ಟ” ಅಲ್ಲಿಗೇ ನಿಲ್ಲುತ್ತೆ.

ಗಡಿಯಾರ ಇನ್ನೊಂದು. 25 ನಿಮಿಷ, ನಡೆಗೆ 10 ಸೆಕೆಂಡ್ ಸೇರ್ಪಡೆ ಅಂದರೆ 40 ನಡೆಗೆ ಒಟ್ಟು 31 ನಿಮಿಷ 40 ಸೆಕೆಂಡ್, ನಡೆಗೆ 47 ಸೆಕೆಂಡ್. 10ನೇ ನಡೆಗೆ 20 ನಿಮಿಷಕ್ಕಿಂತ ಹೆಚ್ಚು, 20ನೇ ನಡೆಗೆ 12 ನಿಮಿಷ ಕೈಲಿರಲಿ. ಓಪನಿಂಗ್‌ನಲ್ಲಿ ಬಾಯಿಪಾಠ ಇರುವ ನಡೆಗೆ ಎರಡು ನಿಮಿಷ ಕೂತು, ಕೊನೆಗೆ ಸೇರ್ಪಡೆ ಸೆಕೆಂಡ್ ಮೇಲೆ ಬದುಕುವವರಿಗೆ ಎಲ್ಲ ನಡೆಯೂ ಕವಡೆ ಎಸೆದಂತೆಯೇ.

ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವವರಿಗೆ ಇದು ಬೇಗ ಅರ್ಥ ಆಗುತ್ತೆ. 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ. ಅಂತ ಅಳತೆ ಸರಿ ಇದ್ದರೂ, ಹೊಡೆಯುವ ಮುಂಚೆ ಚಾಕು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಮಳೆ ಎಷ್ಟು ಬರುತ್ತೋ ನಮ್ಮ ಕೈಲಿಲ್ಲ, ಚಾಕು ಅದ್ದೋದು ನಮ್ಮ ಕೈಲಿದೆ. ನಡೆ ತೀರ್ಮಾನ ಆದ ಮೇಲೆ, ಕೈ ಎತ್ತುವ ಮುಂಚೆ ಐದು ಸೆಕೆಂಡ್: ಈ ನಡೆಗೆ ಎದುರಾಳಿಗೆ ಯಾವ ಚೆಕ್ ಇದೆ, ಏನನ್ನು ಹೊಡೆಯಬಹುದು, ಯಾವುದಕ್ಕೆ ಬೆದರಿಕೆ. ಅಷ್ಟೇ.

ನಿಜವಾಗಿ ಅದೃಷ್ಟ ಎಷ್ಟು ಅಂತ ತಿಳಿಯಬೇಕಾದರೆ ಹಿಂದಿನ 30 ಆಟ ಕಂಪ್ಯೂಟರಿನ ಚೆಸ್ ಎಂಜಿನ್‌ಗೆ ಹಾಕಿ. ಒಂದೊಂದರಲ್ಲೂ ಮೌಲ್ಯ ಒಂದೇ ನಡೆಗೆ ಎರಡು ಕಾಲಾಳಿನಷ್ಟೋ ಹೆಚ್ಚೋ ಜಿಗಿದ ಜಾಗ ಗುರುತು ಮಾಡಿ, ಪಕ್ಕದಲ್ಲಿ ಕಾರಣ ಬರೆಯಿರಿ: ನೋಡಲೇ ಇಲ್ಲ, ನೋಡಿ ತಪ್ಪು ಲೆಕ್ಕ ಹಾಕಿದೆ, ಸಮಯ ಇರಲಿಲ್ಲ, ಎದುರಾಳಿ ಸುಮ್ಮನೆ ಕೊಟ್ಟರು. ಸ್ಕೋರ್‌ಶೀಟಿನಲ್ಲಿ ಗಡಿಯಾರದ ಸಮಯ ಬರೆಯಲು ನಿಯಮದಲ್ಲಿ ಅವಕಾಶ ಇದೆ, ಐದು ನಡೆಗೊಮ್ಮೆ ಬರೆದಿಟ್ಟಿದ್ದರೆ ಮೂರನೇ ಕಾರಣ ನಿಜವೋ ನೆಪವೋ ಗೊತ್ತಾಗುತ್ತೆ. ಕೊನೆಗೆ ಎರಡು ಸಂಖ್ಯೆ ತೆಗೆಯಿರಿ: ಸೋಲುತ್ತಿದ್ದು ಉಳಿಸಿಕೊಂಡ ಆಟ ಎಷ್ಟು, ಗೆಲ್ಲುತ್ತಿದ್ದು ಕಳೆದ ಆಟ ಎಷ್ಟು. ಎರಡೂ ಹತ್ತಿರ ಹತ್ತಿರ ಇದ್ದರೆ ಅದೃಷ್ಟದ ಜೊತೆ ನಿಮ್ಮ ಖಾತೆ ಸರಿಸಮ, ದೂರುವ ಹಾಗಿಲ್ಲ. ಎರಡನೆಯದು ಎರಡು ಪಟ್ಟು ಇದ್ದರೆ ಓಪನಿಂಗ್ ಪುಸ್ತಕ ಮುಚ್ಚಿಟ್ಟು ಎಂಡ್‌ಗೇಮ್ ಕಡೆ ತಿರುಗಿ.

---

ಅರ್ಧ ಅಂಕ

ಎಲ್ಲರೂ ಗಣಿತ ಹೇಳಿದಿರಿ, ನಿಜಕ್ಕೂ ಚಕ್ರ ತಿರುಗಿಸಿದ ಕಥೆ ಬಿಟ್ಟಿರಿ. 1983ರ ಕ್ಯಾಂಡಿಡೇಟ್ಸ್ (ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಸ್ಪರ್ಧೆ) ಕ್ವಾರ್ಟರ್‌ಫೈನಲ್, ಆಸ್ಟ್ರಿಯಾದ ವೆಲ್ಡೆನ್. ಸ್ಮಿಸ್ಲೋವ್ ಮತ್ತು ಹ್ಯೂಬ್ನರ್ ಸಮ. ಹೆಚ್ಚುವರಿ ಆಟ ಆಡಿಸಿದರೂ ಸಮ. ಕೊನೆಗೆ ಕ್ಯಾಸಿನೋದ ರೂಲೆಟ್ ಚಕ್ರಕ್ಕೆ ಬಿಟ್ಟರು. ಮೊದಲ ಸಲ ಗೋಲಿ ಸೊನ್ನೆಯಲ್ಲಿ ಬಿತ್ತು, ಕೆಂಪೂ ಅಲ್ಲ ಕಪ್ಪೂ ಅಲ್ಲ! ಇನ್ನೊಮ್ಮೆ ತಿರುಗಿಸಿದಾಗ ಕೆಂಪು ಬಂತು, 62ರ ಸ್ಮಿಸ್ಲೋವ್ ಮುಂದೆ ಹೋದರು. ಆಮೇಲೆ ಸೆಮಿಫೈನಲ್ ಅನ್ನು ಬೋರ್ಡಿನ ಮೇಲೇ ಗೆದ್ದು ಕ್ಯಾಸ್ಪರೋವ್ ಎದುರು ಫೈನಲ್‌ವರೆಗೂ ಬಂದರು.

2013ರ ಲಂಡನ್ ಕ್ಯಾಂಡಿಡೇಟ್ಸ್ ಇನ್ನೂ ಹತ್ತಿರದ್ದು. ಕಾರ್ಲ್‌ಸನ್, ಕ್ರಾಮ್ನಿಕ್ ಇಬ್ಬರೂ ಕೊನೆ ಸುತ್ತು ಸೋತರು, ಇಬ್ಬರಿಗೂ 8.5. ಹೆಚ್ಚು ಗೆಲುವು ಯಾರಿಗೆ ಅನ್ನೋ ಟೈಬ್ರೇಕ್ ಮೇಲೆ ಕಾರ್ಲ್‌ಸನ್ ಚೆನ್ನೈಗೆ ಬಂದು ಆನಂದ್ ಎದುರು ಕೂತರು. ಟೈಬ್ರೇಕ್ ಕ್ರಮ ಬೇರೆ ಇದ್ದಿದ್ದರೆ ಚೆನ್ನೈಗೆ ಬರುವವರೂ ಬೇರೆ ಆಗಬಹುದಿತ್ತು.

---

ತುಂಗಾತೀರ

ಕೇಳಿದ್ದಕ್ಕಿಂತ ಜಾಸ್ತಿ ಸಿಕ್ಕಿತು. 75–76ರ ಲೆಕ್ಕ ನೋಡಿದ ಮೇಲೆ ಹಳೆ ಪಟ್ಟಿಗಳನ್ನೆಲ್ಲ ಬೇರೆ ಕಣ್ಣಲ್ಲಿ ನೋಡಬೇಕು. ಇನ್ನೆರಡು, ಎರಡೂ ಮಳೆಗಾಲದ್ದು. ಕರೆಂಟ್ ಹೋಗಿ ಆನ್‌ಲೈನ್ ಆಟ ಕಡಿದರೆ ಸೋಲು ಅಂತ ಬರುತ್ತೆ. ಅದಕ್ಕೆ ಏನಾದರೂ ಮಾಡಬಹುದಾ? ಇನ್ನೊಂದು, ತೀರ್ಥಹಳ್ಳಿ, ಆಗುಂಬೆ ಕಡೆಯಿಂದ ಬೆಳಗ್ಗೆ 9ಕ್ಕೆ ಶಿವಮೊಗ್ಗದ ಹಾಲ್ ತಲುಪೋದು ಜೂನ್ ಜುಲೈನಲ್ಲಿ ಮರ ಬೀಳದೇ ಇದ್ದರೆ ಮಾತ್ರ. ಮೊದಲ ಸುತ್ತಿಗೆ ಬೈ (ಆ ಸುತ್ತು ಆಡದೆ ಅರ್ಧ ಅಂಕ ಪಡೆಯೋದು) ತಗೊಂಡರೆ ನಷ್ಟ ಎಷ್ಟು?

---

ಕಪ್ಪುಕುದುರೆ

ಆನ್‌ಲೈನ್‌ಗೆ: 3+0 (ಮೂರು ನಿಮಿಷ, ಸೇರ್ಪಡೆ ಇಲ್ಲ) ಆಡಬೇಡಿ, ಒಂದು ನಿಮಿಷ ಸಂಪರ್ಕ ಹೋದರೆ ಆಟದ ಮೂರನೇ ಒಂದು ಭಾಗವೇ ಹೋಯಿತು. 15+10 (15 ನಿಮಿಷ, ನಡೆಗೆ 10 ಸೆಕೆಂಡ್ ಸೇರ್ಪಡೆ) ಇಟ್ಟುಕೊಂಡರೆ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾಯಿಸಿ ವಾಪಸ್ ಬರುವಷ್ಟು ಹೊತ್ತು ಸಿಗುತ್ತೆ. ರೂಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿ, ಕೊಳ್ಳುವ ಮುಂಚೆ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿ, ಕೆಲವು ರೂಟರ್ 9ರವು.

---

ಹಾಲ್ ನಂಬರ್ 2

ಅರ್ಧ ಅಂಕದ ಬೈ ಕೊಡಬೇಕೋ ಬೇಡವೋ, ಯಾವ ಸುತ್ತುಗಳಿಗೆ ಕೊಡಬೇಕು ಅನ್ನೋದು ಆಯಾ ಟೂರ್ನಿಯ ನಿಯಮ. ಸಾಮಾನ್ಯವಾಗಿ ಕೊನೆ ಸುತ್ತುಗಳಿಗೆ ಕೊಡಲ್ಲ. ಮೊದಲ ಸುತ್ತಿಗೆ ತಗೊಂಡರೆ ಅಂಕದಲ್ಲಿ ನಷ್ಟ ಅರ್ಧ, ಎರಡನೇ ಸುತ್ತಿಗೆ ನಿಮ್ಮ ಎದುರು ಬರುವವರು ಮೊದಲನೆಯದರಲ್ಲಿ ಗೆದ್ದವರ ಗುಂಪಿಗಿಂತ ಸ್ವಲ್ಪ ಹಗುರ. ಇದನ್ನೇ ಬೇಕಂತ ಮಾಡುವವರಿಗೆ ಸ್ವಿಸ್ ಗ್ಯಾಂಬಿಟ್ ಅಂತಾರೆ. ಆದರೆ ಹಗುರ ಎದುರಾಳಿಗಳು ಅಂದರೆ ಬುಖೋಲ್ಜ್ ಕೂಡ ಹಗುರ. 4.5ರ ಗುಂಪಿನಲ್ಲಿ ನಿಮ್ಮ ಹೆಸರು ಕೆಳಗೇ ಸಿಗುತ್ತೆ. ಟ್ರೋಫಿಗೆ ಆಡುವುದಾದರೆ ಹಿಂದಿನ ರಾತ್ರಿಯೇ ಬಂದು ಉಳಿಯೋದು ಲಾಭ, ಅನುಭವಕ್ಕೆ ಆದರೆ ಬೈ ಸಾಕು.

ತಡವಾಗಿ ಬರುವುದಾದರೆ ಡೀಫಾಲ್ಟ್ ಸಮಯ (ಎಷ್ಟು ತಡವಾದರೆ ಸೋಲು ಅಂತ ಬರೆಯುತ್ತಾರೆ ಅನ್ನೋದು) ಎಷ್ಟು ಅಂತ ಮೊದಲೇ ಕೇಳಿ. ನಿಯಮದಲ್ಲಿ ಏನೂ ಬರೆದಿಲ್ಲ ಅಂದರೆ ಅದು ಸೊನ್ನೆ ನಿಮಿಷ. ಬೈ ಬೇಕಾದರೆ ಎಂಟ್ರಿ ಜೊತೆಗೇ ಬರೆದು ಕೊಡಿ, ಮಂಡಗದ್ದೆ ಹತ್ತಿರ ಬಸ್ ನಿಂತ ಮೇಲೆ ಫೋನ್ ಮಾಡಿದರೆ ಅಷ್ಟೊತ್ತಿಗೆ ಮೊದಲ ಸುತ್ತಿನ ಪೇರಿಂಗ್ ಗೋಡೆ ಮೇಲಿರುತ್ತೆ.